ಹಾವು, ಆಮೆ, ಮೊಸಳೆ, ಹಲ್ಲಿ ಎಷ್ಟು ದಿನಕ್ಕೊಮ್ಮೆ ತಿನ್ನುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು. ಕೆಲವನ್ನು ಶಾಲೆ ಮಕ್ಕಳು ಕೇಳಿದ್ದಾರೆ. ಕೆಲವನ್ನು ಮನೆಗೆ ಹಾವು ಹೊಕ್ಕ ರಾತ್ರಿ ಅಂಗಳದಲ್ಲಿ ನಿಂತವರು ಕೇಳಿದ್ದಾರೆ. ಈ ಪ್ರಾಣಿಗಳಿಗೂ ನಮ್ಮ ಹಾಗೆಯೇ ಹಸಿವಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆ ನಂಬಿಕೆಯಿಂದ ಎಷ್ಟೋ ಹಾವು, ಆಮೆಗಳು ಸುಮ್ನೆ ಸಾಯುತ್ತವೆ. ಕೆಲವು ಸಲ ಮನುಷ್ಯರಿಗೂ ಅಪಾಯ ಬರುತ್ತದೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿ. ಎಷ್ಟು ದಿನಕ್ಕೊಮ್ಮೆ ಊಟ ಬೇಕು?

ಪ್ರಾಣಿ ಯಾವುದು, ವಯಸ್ಸೆಷ್ಟು, ಆಗ ಬಿಸಿಲೆಷ್ಟು ಅನ್ನುವುದರ ಮೇಲೆ ಹೋಗುತ್ತದೆ. ಗೋಡೆಯ ಹಲ್ಲಿ ಬೆಚ್ಚಗಿನ ದಿನಗಳಲ್ಲಿ ಹೆಚ್ಚುಕಡಿಮೆ ದಿನಾ ತಿನ್ನುತ್ತದೆ. ಹುಲ್ಲು ಮೇಯುವ ಆಮೆಯೂ ಅಷ್ಟೇ. ಸಾಕಣೆಯಲ್ಲಿರುವ ಹಾವಿನ ಮರಿಗೆ ವಾರಕ್ಕೊಮ್ಮೆ ಊಟ ಕೊಡುತ್ತಾರೆ. ಬೆಳೆದ ಮಧ್ಯಮ ಗಾತ್ರದ ಹಾವಿಗೆ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕು. ದೊಡ್ಡ ಹೆಬ್ಬಾವಿಗೆ ತಿಂಗಳಿಗೊಮ್ಮೆ ಕೊಟ್ಟರೂ ನಡೆಯುತ್ತದೆ. ಮೊಸಳೆ ಬೇಕಾದರೆ ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು.

ಇದು ಮೃಗಾಲಯದವರ ಲೆಕ್ಕ. ಕಾಡಿನಲ್ಲಿ, ಹೊಲದಲ್ಲಿ ಯಾರೂ ತಾರೀಕು ನೋಡಿ ಊಟ ಹಾಕುವುದಿಲ್ಲ. ಅಲ್ಲಿ ಒಂದೇ ವಾರದಲ್ಲಿ ಮೂರು ಇಲಿ ಸಿಗಬಹುದು, ಆಮೇಲೆ ಎರಡು ತಿಂಗಳು ಏನೂ ಸಿಗದಿರಬಹುದು. ಎರಡನ್ನೂ ತಡೆದುಕೊಳ್ಳುವ ಮೈ ಅವುಗಳದ್ದು.

ಇಷ್ಟು ಕಡಿಮೆ ಊಟ ಹೇಗೆ ಸಾಕಾಗುತ್ತದೆ?

ನಾವು ತಿನ್ನುವ ಅನ್ನ, ರೊಟ್ಟಿಯಲ್ಲಿ ದೊಡ್ಡ ಪಾಲು ಹೋಗುವುದು ಮೈಯನ್ನು ಬೆಚ್ಚಗಿಡೋದಕ್ಕೆ. ಹೊರಗೆ ಚಳಿ ಇರಲಿ, ಮಳೆ ಇರಲಿ, ನಮ್ಮ ಮೈ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರಲೇಬೇಕು. ನಮ್ಮ ಒಲೆ ಹಗಲು ರಾತ್ರಿ ಉರಿಯುತ್ತಲೇ ಇರುತ್ತದೆ. ಹಾವು, ಹಲ್ಲಿ, ಆಮೆ, ಮೊಸಳೆಗಳು ಆ ಒಲೆಯನ್ನೇ ಹಚ್ಚುವುದಿಲ್ಲ. ಅವುಗಳಿಗೆ ಕಾವು ಬಿಸಿಲಿನಿಂದ, ಕಾದ ಬಂಡೆಯಿಂದ, ಬೆಚ್ಚಗಿನ ಮಣ್ಣಿನಿಂದ ಪುಕ್ಕಟೆ ಸಿಗುತ್ತದೆ.

ಹಾಗಾಗಿ ಸುಮ್ಮನೆ ಮಲಗಿರುವಾಗ ಹಾವಿನ ಮೈ ಖರ್ಚು ಮಾಡುವ ಶಕ್ತಿ ತೀರಾ ಕಡಿಮೆ. ಅಷ್ಟೇ ತೂಕದ ಹೆಗ್ಗಣಕ್ಕೆ ಬೇಕಾಗುವುದರಲ್ಲಿ ಅದು ಸರಿಸುಮಾರು ಹತ್ತರಲ್ಲೊಂದು ಪಾಲು. ಹೆಗ್ಗಣಕ್ಕೆ ಎರಡು ಮೂರು ದಿನ ಕಾಳು ಸಿಗದಿದ್ದರೆ ಮೈ ಸೊರಗಿಹೋಗುತ್ತದೆ. ಹಾವಿಗೆ ಅದೇ ಎರಡು ಮೂರು ದಿನ ಲೆಕ್ಕಕ್ಕೇ ಇಲ್ಲ.

ಇದನ್ನು ಸೋಮಾರಿತನ ಅಂತ ಕರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಳೆ ಕೈಕೊಡುವ, ವರ್ಷದಲ್ಲಿ ಅರ್ಧ ಕಾಲ ಒಣಗಿರುವ ನಮ್ಮಂಥ ಸೀಮೆಯಲ್ಲಿ ಬದುಕೋಕೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಬಿಸಿಲಿಗೂ ಊಟ ಅರಗುವುದಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ಹಾವು ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಎಲುಬು, ತೊಗಲು, ಕೂದಲ ಸಮೇತ ಒಳಗೆ ಹೋದ ಇಲಿಯನ್ನು ಹೊಟ್ಟೆಯ ಆಮ್ಲ, ರಸಗಳೇ ಕರಗಿಸಬೇಕು. ಆ ರಸಗಳು ಕೆಲಸ ಮಾಡೋಕೆ ಕಾವು ಬೇಕು. ಮೈ 30 ಡಿಗ್ರಿ ಆಸುಪಾಸಿನಲ್ಲಿದ್ದರೆ ಬೇಗ ಅರಗುತ್ತದೆ. ಚಳಿಯಲ್ಲಿ ನಿಧಾನವಾಗುತ್ತದೆ. ಮೈ ತೀರಾ ತಣ್ಣಗಾದರೆ ನುಂಗಿದ್ದು ಒಳಗೇ ಕೊಳೆಯೋಕೆ ಶುರುವಾಗುತ್ತದೆ. ಆಗ ಹಾವು ಅದನ್ನು ಕಕ್ಕಲೇಬೇಕು, ಇಲ್ಲದಿದ್ದರೆ ಅದೇ ಸಾಯಬಹುದು.

ಆದ್ದರಿಂದ ಚಳಿ ಬಿದ್ದಾಗ ಅವು ತಾವಾಗಿಯೇ ಊಟ ಬಿಡುತ್ತವೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹತ್ತರ ಮೇಲೆ ಆನೆಗೊಂದಿ ಕಡೆಯ ಬಂಡೆಗಳ ಹತ್ತಿರ ಹೋಗಿ ನೋಡಿ. ಬಂಡೆ ಓತಿಗಳು ಮೈ ಚಪ್ಪಟೆ ಮಾಡಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಮೊದಲು ಕಾವು, ಆಮೇಲೆ ಬೇಟೆ.

ಹಾಗಾದರೆ ನಮ್ಮ ಬೇಸಿಗೆಯಲ್ಲಿ ಅವು ಸಿಕ್ಕಾಪಟ್ಟೆ ತಿನ್ನಬೇಕಲ್ಲ?

ಇಲ್ಲ. ಕಾವು ಬೇಕು ನಿಜ, ಆದರೆ ಅದಕ್ಕೂ ಮಿತಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುತ್ತದೆ. ನೆಲ, ಬಂಡೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತವೆ. ಅಂಥ ನೆಲದ ಮೇಲೆ ಹಾವು ಸ್ವಲ್ಪ ಹೊತ್ತು ಸಿಕ್ಕಿಬಿದ್ದರೆ ಸತ್ತೇ ಹೋಗುತ್ತದೆ. ಮೈಯನ್ನು ತಣ್ಣಗೆ ಮಾಡಿಕೊಳ್ಳೋಕೆ ಅದಕ್ಕೆ ನಮ್ಮ ಹಾಗೆ ಬೆವರು ಇಲ್ಲ. ಹಾಗಾಗಿ ಹಗಲು ಬಿಲ, ಬಿರುಕು, ಬಣವೆಯ ಬುಡ, ಬಚ್ಚಲ ಮೂಲೆ ಹಿಡಿಯುತ್ತದೆ. ರಾತ್ರಿ ಹೊರಗೆ ಬರುತ್ತದೆ. ಬೇಸಿಗೆ ಅಂತ ಅಂಗಳದಲ್ಲಿ, ನೆಲದ ಮೇಲೆ ಮಲಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ರಾತ್ರಿ ಎದ್ದರೆ ಬ್ಯಾಟರಿ ಹಿಡಿದೇ ಕಾಲಿಡಿ.

ಚೆನ್ನಾಗಿ ಉಣ್ಣುವ ಕಾಲ ಬರುವುದು ಮುಂಗಾರು ಬಿದ್ದ ಮೇಲೆ. ಕಪ್ಪೆ, ಹುಳ, ಇಲಿ ಎಲ್ಲ ಹೆಚ್ಚುತ್ತವೆ. ಹವೆಯೂ ಹದವಾಗಿರುತ್ತದೆ. ಆ ನಾಲ್ಕೈದು ತಿಂಗಳಲ್ಲಿ ಕೂಡಿಟ್ಟ ಕೊಬ್ಬೇ ಉಳಿದ ವರ್ಷಕ್ಕೆ ಆಧಾರ.

ಕಾಳಿನ ಕೋಣೆಗೆ ಹಾವು ಹೊಕ್ಕಿದೆ. ಬಾಗಿಲು ಹಾಕಿ ಬಿಟ್ಟರೆ ಹದಿನೈದು ದಿನದಲ್ಲಿ ಹಸಿದು ಸಾಯುವುದಿಲ್ಲವಾ?

ಸಾಯುವುದಿಲ್ಲ. ದಯವಿಟ್ಟು ಹೀಗೆ ಮಾಡಬೇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನೇ ಓದಿ.

2007ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಷಲ್ ಮೆಕ್‌ಕ್ಯೂ ಅವರು ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಊಟವಿಲ್ಲದೆ ಇಟ್ಟು ಗಮನಿಸಿದರು. ಹಾವುಗಳು ಬದುಕಿದ್ದವು. ಸುಮ್ಮನಿರುವಾಗಿನ ಮೈಯ ಖರ್ಚನ್ನು ಅವು ಇನ್ನೂ ಇಳಿಸಿಕೊಂಡಿದ್ದವು, ಕೆಲವು ಶೇ. 72ರವರೆಗೂ. ಮೊದಲೇ ಕಡಿಮೆ ಇದ್ದ ಖರ್ಚು ಅದು! ಇನ್ನೂ ಆಶ್ಚರ್ಯ ಅಂದರೆ, ತೂಕ ಇಳಿಯುತ್ತಿದ್ದರೂ ಅವುಗಳ ಉದ್ದ ಒಂಚೂರು ಬೆಳೆದಿತ್ತು.

ಈಗ ನಿಮ್ಮ ಕೋಣೆಯ ಲೆಕ್ಕ ಹಾಕಿ. ಅಲ್ಲಿ ಜೋಳದ ಚೀಲ ಇವೆ, ಚೀಲ ಇದ್ದಲ್ಲಿ ಇಲಿ ಇದ್ದೇ ಇರುತ್ತವೆ. ಹಾವಿಗೆ ಅದು ಉಪವಾಸದ ಜಾಗವೇ ಅಲ್ಲ. ಅದೂ ಅಲ್ಲದೆ ಅದು ಯಾವುದೋ ಸಂದಿಯಿಂದ ಹೊರಗೆ ಹೋಗಿರಬಹುದು, ಮತ್ತೆ ಬಂದಿರಲೂಬಹುದು. ತಿಂಗಳು ಬಿಟ್ಟು, ಸತ್ತಿರಬೇಕು ಅಂದುಕೊಂಡು ಚೀಲದ ಕೆಳಗೆ ಕೈ ಹಾಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಮಕ್ಕಳನ್ನು ದೂರ ಇಟ್ಟು, ಅರಣ್ಯ ಇಲಾಖೆಗೆ ಹೇಳಿ ಕಳಿಸಿ. ಇಲಾಖೆಯ ಸಹಾಯವಾಣಿ 1926. ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಿ. ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಎಳೆಯಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ ನಡೆಯುತ್ತದೆ. ಆದ್ದರಿಂದ ಹಾವನ್ನು ಹೊಡೆದು ಡಾಕ್ಟರಿಗೆ ತೋರಿಸಬೇಕು ಅನ್ನುವುದೂ ಬೇಡ.

ಹೆಬ್ಬಾವು ಒಮ್ಮೆ ನುಂಗಿದರೆ ಆರು ತಿಂಗಳು ಏಳುವುದಿಲ್ಲವಂತೆ. ನಿಜವಾ?

ಏಳುವುದಿಲ್ಲ ಅನ್ನುವುದು ಸುಳ್ಳು. ಆರು ತಿಂಗಳು ತಿನ್ನದಿದ್ದರೂ ನಡೆಯುತ್ತದೆ ಅನ್ನುವುದು ನಿಜ. ದೊಡ್ಡ ಹೆಬ್ಬಾವುಗಳು ಒಂದು ವರ್ಷಕ್ಕಿಂತ ಜಾಸ್ತಿ ಊಟ ಮಾಡದೆ ಬದುಕಿದ್ದೂ ಇದೆ.

ನುಂಗಿದ ಮೇಲೆ ಅದರ ಮೈಯೊಳಗೆ ಆಗುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಖಾಲಿ ಇರುವಾಗ ಹೆಬ್ಬಾವಿನ ಹೊಟ್ಟೆ, ಕರುಳು ಸುಕ್ಕಿಕೊಂಡು ಸಣ್ಣದಾಗಿರುತ್ತವೆ. ಹೊಟ್ಟೆಯಲ್ಲಿ ಆಮ್ಲವೂ ಹೆಚ್ಚುಕಡಿಮೆ ಇರುವುದಿಲ್ಲ. ಕೆಲಸವಿಲ್ಲದ ಅಂಗಕ್ಕೆ ಶಕ್ತಿ ಯಾಕೆ ಸುರಿಯಬೇಕು ಅಲ್ವಾ? ಬೇಟೆ ಒಳಗೆ ಹೋದ ತಕ್ಷಣ ಎಲ್ಲ ಬದಲಾಗುತ್ತದೆ. ಒಂದು ದಿನದೊಳಗೆ ಹೊಟ್ಟೆ ತುಂಬಾ ಕಟುವಾದ ಆಮ್ಲ ತುಂಬುತ್ತದೆ. ಒಂದೆರಡು ದಿನದಲ್ಲಿ ಸಣ್ಣ ಕರುಳಿನ ತೂಕ ಸುಮಾರು ಎರಡು ಪಟ್ಟಾಗುತ್ತದೆ. ಯಕೃತ್ತು, ಮೂತ್ರಪಿಂಡವೂ ಬೆಳೆಯುತ್ತವೆ. ಬರ್ಮಾ ಹೆಬ್ಬಾವುಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯದ ಕೆಳಕೋಣೆಯ ತೂಕ 48 ಗಂಟೆಯಲ್ಲಿ ಶೇ. 40ರಷ್ಟು ಹೆಚ್ಚಿದ್ದು ಕಂಡುಬಂತು. ದೊಡ್ಡ ಬೇಟೆ ಅರಗಿಸುವಾಗ ಅದರ ಮೈಯ ಖರ್ಚು, ಸುಮ್ಮನಿರುವಾಗಿನ 40 ಪಟ್ಟಿನವರೆಗೂ ಏರಬಹುದು. ಓಡುವ ಕುದುರೆಯಲ್ಲಿ ಕಾಣುವಂಥ ಏರಿಕೆ ಅದು, ಮಲಗಿರುವ ಹಾವಿನಲ್ಲಿ!

ಒಂದು ವಾರ, ಹತ್ತು ದಿನದಲ್ಲಿ ಕೆಲಸ ಮುಗಿಯುತ್ತದೆ. ಆಮೇಲೆ ಕರುಳು, ಹೃದಯ ಎಲ್ಲ ಮತ್ತೆ ಮೊದಲಿನ ಗಾತ್ರಕ್ಕೆ ಇಳಿಯುತ್ತವೆ. ಮುಂದಿನ ಬೇಟೆ ಯಾವತ್ತೋ ಗೊತ್ತಿಲ್ಲ. ಅಲ್ಲಿಯವರೆಗೆ ಆ ಅಂಗಗಳನ್ನು ದೊಡ್ಡದಾಗಿಯೇ ಇಟ್ಟುಕೊಂಡರೆ ಕೂಡಿಟ್ಟ ಕೊಬ್ಬು ಬೇಗ ಮುಗಿದುಬಿಡುತ್ತದೆ.

ಮೊಟ್ಟೆ ಇಟ್ಟ ಹೆಣ್ಣು ಹೆಬ್ಬಾವಿನ ಉಪವಾಸ ಇನ್ನೊಂದು ಬಗೆಯದು. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಸುಮಾರು ಎರಡು ತಿಂಗಳು ಕಾವು ಕೊಡುತ್ತದೆ. ಆ ಹೊತ್ತಿನಲ್ಲಿ ಊಟ ಇಲ್ಲ. ಚಳಿ ಇದ್ದರೆ ಮೈಯ ಮಾಂಸಖಂಡಗಳನ್ನು ನಡುಗಿಸಿ ತಾನೇ ಕಾವು ಹುಟ್ಟಿಸುತ್ತದೆ. ಬೇರೆ ಹಾವುಗಳು ಮಾಡದ ಕೆಲಸ ಇದು.

ಹೊಟ್ಟೆ ಉಬ್ಬಿದ ಹಾವು ಹೊಲದಲ್ಲಿ ಬಿದ್ದಿದೆ. ಏನು ಮಾಡಬೇಕು?

ಏನೂ ಮಾಡಬೇಡಿ. ಜನ ಸೇರಿ, ಮೊಬೈಲ್ ಹಿಡಿದು, ಕೋಲಿನಿಂದ ತಿವಿದರೆ ಅದು ತಪ್ಪಿಸಿಕೊಳ್ಳೋಕೆ ನುಂಗಿದ್ದನ್ನೆಲ್ಲ ಕಕ್ಕುತ್ತದೆ. ಆ ಬೇಟೆಗೆ ಎಷ್ಟು ದಿನ ಕಾದಿತ್ತೋ, ಎಷ್ಟು ಶಕ್ತಿ ಸುರಿದಿತ್ತೋ, ಎಲ್ಲ ಮಣ್ಣುಪಾಲು. ಕಕ್ಕುವಾಗ ಗಂಟಲಿಗೂ ಪೆಟ್ಟಾಗುತ್ತದೆ. ಹತ್ತು ಹೆಜ್ಜೆ ಹಿಂದೆ ನಿಂತು, ಬೇರೆಯವರನ್ನೂ ದೂರ ಕಳಿಸಿ. ಕೆಲಸ ಅಲ್ಲೇ ಇದ್ದರೆ ಆ ಒಂದು ಮೂಲೆ ಬಿಟ್ಟು ಉಳಿದ ಹೊಲದಲ್ಲಿ ಮಾಡಿ.

ಕೇರೆ ಹಾವು ಜಾಸ್ತಿ ತಿನ್ನುತ್ತದಾ, ಕೊಳಕುಮಂಡಲ ಜಾಸ್ತಿ ತಿನ್ನುತ್ತದಾ?

ಕೇರೆ. ಅದು ಹಗಲು ಹೊತ್ತು ಓಡಾಡಿ, ಬಿಲ ಬಿಲ ಹುಡುಕಿ ಬೇಟೆಯಾಡುತ್ತದೆ. ಓಡಾಟ ಜಾಸ್ತಿ ಆದಷ್ಟು ಖರ್ಚು ಜಾಸ್ತಿ, ಊಟವೂ ಜಾಸ್ತಿ. ಕೊಳಕುಮಂಡಲ ಕೂತಲ್ಲೇ ಕಾಯುವ ಹಾವು. ಇಲಿ ಓಡಾಡುವ ದಾರಿ ಪಕ್ಕದಲ್ಲಿ ಒಣಗಿದ ಎಲೆಯ ಹಾಗೆ ಬಿದ್ದಿರುತ್ತದೆ. ದಿನಗಟ್ಟಲೆ ಹಾಗೇ ಕಾಯಬಲ್ಲದು. ಅದರ ಖರ್ಚು ಕಡಿಮೆ, ಮೈ ದಪ್ಪ, ಒಂದೇ ಸಲಕ್ಕೆ ದೊಡ್ಡ ಬೇಟೆ ನುಂಗುತ್ತದೆ. ಗರಗಸ ಮಂಡಲವೂ ಕಾಯುವ ಜಾತಿಯೇ. ಅದು ಗಾತ್ರದಲ್ಲಿ ಸಣ್ಣದು; ಚೇಳು, ಶತಪದಿ, ಸಣ್ಣ ಹಲ್ಲಿಗಳನ್ನೂ ತಿನ್ನುತ್ತದೆ. ನಮ್ಮ ಕಲ್ಲುಗುಡ್ಡಗಳ ನೆಲದಲ್ಲಿ ಅದಕ್ಕೆ ಇವುಗಳ ಕೊರತೆ ಇಲ್ಲ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಭತ್ತದ ರೈತರು ಈ ವ್ಯತ್ಯಾಸ ತಿಳಿದಿರಬೇಕು. ತುಂಗಭದ್ರೆಯ ಕಾಲುವೆ ನೀರು ಬಂದಲ್ಲಿ ಭತ್ತ ಬಂತು, ಭತ್ತದ ಹಿಂದೆ ಇಲಿ ಬಂತು, ಇಲಿಯ ಹಿಂದೆ ಹಾವು ಬಂತು. ಕೇರೆ ಹಾವಿಗೆ ವಿಷವಿಲ್ಲ. ಅದು ಬಿಲದೊಳಗೇ ನುಗ್ಗಿ ಮರಿಗಳ ಸಮೇತ ಇಲಿಗಳನ್ನು ಮುಗಿಸುತ್ತದೆ. ಬೆಕ್ಕು, ಗೂಬೆ ಹೊರಗೆ ಬಂದ ಇಲಿಯನ್ನು ಮಾತ್ರ ಹಿಡಿಯಬಲ್ಲವು. ಹಾವು ಒಂದೊಂದೇ ಲೆಕ್ಕದಲ್ಲಿ ಗೂಬೆಗಿಂತ ಕಡಿಮೆ ತಿನ್ನುತ್ತದೆ, ನಿಜ. ಆದರೆ ಬಿಲದ ಒಳಗಿನ ಸಂಸಾರವನ್ನು ಮುಟ್ಟುವುದು ಹಾವೇ. ಅದನ್ನು ಕೊಂದು, ಆಮೇಲೆ ಇಲಿ ಪಾಷಾಣಕ್ಕೆ ದುಡ್ಡು ಸುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೊಳಕುಮಂಡಲ ಮಾತ್ರ ಎಚ್ಚರ. ಕಾಲ ಸಪ್ಪಳಕ್ಕೆ ಅದು ಓಡಿಹೋಗುವುದಿಲ್ಲ, ಕಾಯುತ್ತಾ ಬಿದ್ದಿರುವುದೇ ಅದರ ಬದುಕು. ಕಟಾವಿನಲ್ಲಿ, ಹುಲ್ಲು ಎತ್ತುವಾಗ ಬೂಟು ಹಾಕಿ. ಕೈ ಹಾಕುವ ಮೊದಲು ಕೋಲು ಹಾಕಿ.

ಪಂಚಮಿಗೆ ನಮ್ಮ ಅವ್ವ ಹಾವಿಗೆ ಹಾಲಿಡುತ್ತಾರೆ. ಅದು ಕುಡಿಯುತ್ತದಾ?

ಹಾಲು ಹಾವಿನ ಆಹಾರ ಅಲ್ಲ. ಹಾಲು ಕುಡಿಸಿ ಮರಿ ಬೆಳೆಸುವುದು ಹಸು, ನಾಯಿ, ಮನುಷ್ಯರಂಥ ಪ್ರಾಣಿಗಳು. ಹಾವಿನ ಮರಿ ಮೊದಲ ದಿನದಿಂದಲೇ ಹಾಲು ಕಂಡಿಲ್ಲ. ಅದರ ಹೊಟ್ಟೆಗೆ ಹಾಲು ಅರಗುವುದಿಲ್ಲ.

ಬುಟ್ಟಿಯಲ್ಲಿ ತಂದ ಹಾವು ಕುಡಿದದ್ದನ್ನು ಕಣ್ಣಾರೆ ನೋಡಿದ್ದೇವೆ ಅಂತ ಹಿರಿಯರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಬ್ಬಕ್ಕೆ ಮೊದಲು ಆ ಹಾವನ್ನು ದಿನಗಟ್ಟಲೆ ನೀರಿಲ್ಲದೆ ಒಣಗಿಸಿರುತ್ತಾರೆ. ಬಾಯಾರಿದ ಜೀವ ಮುಂದಿಟ್ಟ ದ್ರವ ಯಾವುದಾದರೂ ಕುಡಿಯುತ್ತದೆ. ಹಲ್ಲು ಕಿತ್ತ ಬಾಯಿಗೆ ಬಲವಂತವಾಗಿ ಹಾಕಿದ ಹಾಲು ಶ್ವಾಸಕೋಶಕ್ಕೆ ಹೋಗಿ ಸಾಯುವ ಹಾವುಗಳೂ ಇವೆ.

ಅವ್ವನಿಗೆ ಹಬ್ಬ ಬಿಡಿ ಅಂತ ಹೇಳಬೇಡಿ. ಉಂಡಿ ಕಟ್ಟಲಿ, ಜೋಕಾಲಿ ಆಡಲಿ, ನಾಗರಕಲ್ಲಿಗೆ ಹಾಲೆರೆಯಲಿ. ಬುಟ್ಟಿಯ ಹಾವಿಗೆ ಮಾತ್ರ ದುಡ್ಡೂ ಬೇಡ, ಹಾಲೂ ಬೇಡ. ಹುತ್ತದೊಳಗೆ ಸುರಿಯುವುದೂ ಬೇಡ. ಒಳಗೆ ಮೊಟ್ಟೆ, ಮರಿ ಇರಬಹುದು.

ಕೃಷ್ಣೆಯಲ್ಲಿ, ತುಂಗಭದ್ರೆಯಲ್ಲಿ ಮೊಸಳೆ ಇವೆ. ಹೊಟ್ಟೆ ತುಂಬಿದ ಮೊಸಳೆ ಏನೂ ಮಾಡುವುದಿಲ್ಲ ಅಂತಾರಲ್ಲ?

ಈ ಮಾತನ್ನು ನಂಬಿ ನೀರಿಗಿಳಿಯಬೇಡಿ.

ಮೊಸಳೆಗೆ ಊಟ ಕಡಿಮೆ ಬೇಕು ಅನ್ನುವುದು ಸರಿ. ದಿನವಿಡೀ ದಡದಲ್ಲಿ ಬಿದ್ದಿರುವುದು ಕಾವಿಗಾಗಿ, ಹಸಿವಿಗಾಗಿ ಅಲ್ಲ. ಅರಗಿಸುವುದರಲ್ಲಿ ಅದನ್ನು ಮೀರಿಸುವವರು ಕಡಿಮೆ. ಮೊಸಳೆಯ ಹೃದಯದಲ್ಲಿ ಒಂದು ವಿಶೇಷ ದಾರಿ ಇದೆ. ಊಟವಾದ ಮೇಲೆ ಇಂಗಾಲದ ಡೈಆಕ್ಸೈಡ್ ತುಂಬಿದ ರಕ್ತವನ್ನು ಶ್ವಾಸಕೋಶದ ಬದಲು ಹೊಟ್ಟೆಯ ಕಡೆಗೆ ತಿರುಗಿಸಬಲ್ಲದು. ಆ ರಕ್ತದಿಂದ ಹೊಟ್ಟೆ ಭಾರಿ ಪ್ರಮಾಣದಲ್ಲಿ ಆಮ್ಲ ತಯಾರಿಸುತ್ತದೆ. ಎಲುಬೂ ಕರಗಿಹೋಗುತ್ತದೆ. ಅಮೆರಿಕದ ಅಲಿಗೇಟರ್‌ಗಳಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ.

ಆದರೆ ಮೊಸಳೆ ಹಸಿದಾಗ ಮಾತ್ರ ಹಿಡಿಯುತ್ತದೆ ಅಂತ ಎಲ್ಲಿಯೂ ಬರೆದಿಲ್ಲ. ಮುಂದಿನ ಬೇಟೆ ಯಾವಾಗಲೋ ತಿಳಿಯದ ಪ್ರಾಣಿ, ಎದುರಿಗೆ ಸಿಕ್ಕ ಅವಕಾಶವನ್ನು ಸುಮ್ನೆ ಬಿಡುವುದಿಲ್ಲ. ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವ ಮನುಷ್ಯ ಅದರ ಕಣ್ಣಿಗೆ ಸಣ್ಣ ಪ್ರಾಣಿಯ ಹಾಗೆ ಕಾಣುತ್ತಾನೆ. ಬೇಸಿಗೆಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ನಮ್ಮ ಜೌಗು ಮೊಸಳೆಗಳು ಫೆಬ್ರವರಿಯಿಂದ ಏಪ್ರಿಲ್ ಹೊತ್ತಿಗೆ ದಡದ ಮರಳು, ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ತಾಯಿ ಅಲ್ಲೇ ಕಾವಲಿರುತ್ತದೆ. ಹತ್ತಿರ ಹೋದವರ ಮೇಲೆ ಬೀಳುವುದು ಊಟಕ್ಕಲ್ಲ, ಮರಿಗಾಗಿ.

ಇನ್ನೊಂದು ಮಾತು. ಕೋಳಿ ಅಂಗಡಿಯ ಕಸ, ಕುರಿಯ ಕರುಳು, ಸತ್ತ ದನ ಇದನ್ನೆಲ್ಲ ಹೊಳೆಗೆ ಎಸೆಯುವ ಅಭ್ಯಾಸ ಕೆಲವು ಊರುಗಳಲ್ಲಿದೆ. ಜನ ಇರುವಲ್ಲೇ ಊಟ ಸಿಗುತ್ತದೆ ಅಂತ ಮೊಸಳೆ ಬೇಗ ಕಲಿಯುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ಅಲ್ಲಿ ಮೊಸಳೆ, ಮೆತ್ತನೆ ಚಿಪ್ಪಿನ ಆಮೆಗಳೂ ಇವೆ. ಅವುಗಳ ಪಾಲಿನ ಮೀನು ಉಳಿದರೆ ಅವು ನಮ್ಮ ಘಾಟಿಗೆ ಬರುವುದು ಕಡಿಮೆಯಾಗುತ್ತದೆ.

ನಕ್ಷತ್ರ ಆಮೆ ಸಿಕ್ಕಿದೆ. ಎರಡು ದಿನದಿಂದ ಏನೂ ತಿನ್ನುತ್ತಿಲ್ಲ. ಏನು ಕೊಡಲಿ?

ಏನೂ ಕೊಡಬೇಡಿ. ಅರಣ್ಯ ಇಲಾಖೆಗೆ ಒಪ್ಪಿಸಿ. ಅದನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಳ್ಳಸಾಗಣೆ ಅಷ್ಟು ಹೆಚ್ಚಿದ್ದಕ್ಕೇ 2019ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಟ್ಟದಲ್ಲೂ ಅತಿ ಹೆಚ್ಚಿನ ರಕ್ಷಣೆ ಸಿಕ್ಕಿತು.

ತಿನ್ನದೆ ಇರುವುದಕ್ಕೆ ಕಾರಣ ಭಯ. ಹೊಸ ಜಾಗ, ನೆಲದ ಟೈಲ್ಸ್, ಮಕ್ಕಳ ಗಲಾಟೆ. ದರೋಜಿ ಕಡೆಯ ಕುರುಚಲು ಕಾಡಿನಲ್ಲಿ ಅದು ಮಳೆ ಬಿದ್ದ ಮೇಲೆ ಬೆಳಗ್ಗೆ, ಸಂಜೆ ಹೊರಬಂದು ಹುಲ್ಲು, ಬಿದ್ದ ಹಣ್ಣು, ಪಾಪಾಸುಕಳ್ಳಿ ಮೇಯುತ್ತದೆ. ಕಡು ಬೇಸಿಗೆಯಲ್ಲಿ ಪೊದೆಯ ಕೆಳಗೆ ಅಡಗಿ ಕೂರುತ್ತದೆ. ಸೊಪ್ಪು ತಿನ್ನುವ ಆಮೆಗೆ ಹಾವಿನ ಹಾಗೆ ಒಮ್ಮೆ ನುಂಗಿ ತಿಂಗಳು ಮಲಗುವ ಅನುಕೂಲ ಇಲ್ಲ. ಹುಲ್ಲಿನಲ್ಲಿ ಕಸುವು ಕಡಿಮೆ. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಹುಳಿಸಿ ಬಿಡಿಸಬೇಕು. ಆ ಸೂಕ್ಷ್ಮಜೀವಿಗಳಿಗೂ ಮೇವು ಬರುತ್ತಿರಬೇಕು. ಅದಕ್ಕೇ ಸ್ವಲ್ಪ ಸ್ವಲ್ಪ, ಹೆಚ್ಚುಕಡಿಮೆ ದಿನಾ. ಅನ್ನ, ಬಿಸ್ಕತ್ತು, ಮಾಂಸ ಅದಕ್ಕೆ ವಿಷವಿದ್ದ ಹಾಗೆ.

ದಾರಿಯಲ್ಲಿ ಕಂಡರೆ ಎತ್ತಿ ಆಟ ಆಡಬೇಡಿ. ಆಮೆ ಮೂತ್ರಕೋಶದಲ್ಲಿ ನೀರು ಕೂಡಿಟ್ಟಿರುತ್ತದೆ. ಹೆದರಿದರೆ ಅಷ್ಟನ್ನೂ ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಆ ನೀರು ಹೋದರೆ ಜೀವ ಹೋದಂತೆಯೇ.

ಊಟವಿಲ್ಲದೆ ಇರುತ್ತವೆ ಸರಿ. ನೀರಿಲ್ಲದೆ?

ಅಷ್ಟು ದಿನ ಇರಲಾರವು. ನೀರು ಉಳಿಸುವ ಜಾಣತನ ಅವುಗಳಿಗೆ ಇದೆ. ನಮ್ಮ ಹಾಗೆ ಮೂತ್ರ ಸುರಿಯುವುದಿಲ್ಲ. ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕಿ ಕಂಡಿದ್ದೀರಲ್ಲ, ಅದೇ ಅದರ ಮೂತ್ರ. ಬೇಟೆಯ ಮೈಯಲ್ಲಿರುವ ನೀರೂ ಸಿಗುತ್ತದೆ. ಆದರೂ ಬೇಸಿಗೆಯಲ್ಲಿ ಹಾವು ಬಚ್ಚಲಿಗೆ, ಗಡಿಗೆ ಇಡುವ ಜಾಗಕ್ಕೆ, ಕೂಲರ್ ಕೆಳಗೆ ಬರುವುದು ತಂಪಿಗೆ, ನೀರಿಗೆ.

ಹಲ್ಲಿ, ಓತಿಕ್ಯಾತ, ಉಡ ಇವೂ ತಿಂಗಳುಗಟ್ಟಲೆ ಉಪವಾಸ ಇರುತ್ತವಾ?

ಸಣ್ಣ ಮೈಯಲ್ಲಿ ಕೂಡಿಡುವ ಜಾಗ ಕಡಿಮೆ. ಹಲ್ಲಿ ಕೊಬ್ಬನ್ನು ಬಾಲದಲ್ಲಿ ಇಡುತ್ತದೆ. ಬೆಕ್ಕಿಗೆ ಬಾಲ ಕೊಟ್ಟು ಓಡಿಹೋದ ಹಲ್ಲಿ ಜೀವ ಉಳಿಸಿಕೊಂಡರೂ ಬುತ್ತಿ ಕಳೆದುಕೊಂಡಿರುತ್ತದೆ. ಹೊಸ ಬಾಲ ಬೆಳೆಸೋಕೆ ಮತ್ತೆ ಜಾಸ್ತಿ ತಿನ್ನಬೇಕು.

ಉಡದ ಕಥೆ ಬೇರೆ. ಅದು ದೊಡ್ಡದಾದರೂ ದಿನಕ್ಕೆ ಬಹಳ ದೂರ ನಡೆಯುತ್ತದೆ, ನಾಲಿಗೆ ಚಾಚಿ ವಾಸನೆ ಹಿಡಿಯುತ್ತದೆ, ನೆಲ ಕೆದಕುತ್ತದೆ. ಹುಳ, ಏಡಿ, ಮೊಟ್ಟೆ, ಇಲಿ ಏನು ಸಿಕ್ಕರೂ ಆಗಾಗ ತಿನ್ನುತ್ತಲೇ ಇರುತ್ತದೆ. ಅದರ ಇಂಡೋನೇಷ್ಯಾದ ಬಳಗದ ಕೊಮೊಡೊ ಡ್ರ್ಯಾಗನ್ ಮಾತ್ರ ಒಂದೇ ಸಲಕ್ಕೆ ತನ್ನ ತೂಕದ ಶೇ. 80ರಷ್ಟು ತಿನ್ನಬಲ್ಲದು. ಆಮೇಲೆ ವಾರಗಟ್ಟಲೆ ಸುಮ್ಮನಿರುತ್ತದೆ.

ಮೊಟ್ಟೆಯಿಂದ ಈಗಷ್ಟೇ ಬಂದ ಮರಿಗಳಿಗೆ ಯಾರು ಊಟ ಹಾಕುತ್ತಾರೆ?

ಯಾರೂ ಹಾಕುವುದಿಲ್ಲ. ಮೊಟ್ಟೆಯ ಹಳದಿ ಭಾಗ ಹೊಟ್ಟೆಯೊಳಗೇ ಉಳಿದಿರುತ್ತದೆ. ಮೊದಲ ಕೆಲವು ದಿನ ಅದೇ ಬುತ್ತಿ. ಬಹಳಷ್ಟು ಹಾವಿನ ಮರಿಗಳು ಮೊದಲ ಪೊರೆ ಬಿಟ್ಟ ಮೇಲೆಯೇ ಬೇಟೆ ಶುರು ಮಾಡುತ್ತವೆ. ಆಮೇಲೆ ದೊಡ್ಡವಕ್ಕಿಂತ ಬೇಗ ಬೇಗ ತಿನ್ನುತ್ತವೆ, ಬೆಳೆಯಬೇಕಲ್ಲ.

ಅಕ್ವೇರಿಯಂ ಅಂಗಡಿಯಿಂದ ಕೆಂಪು ಕಿವಿಯ ಸಣ್ಣ ಆಮೆ ತಂದಿದ್ದೇವೆ. ದಿನಕ್ಕೆ ಎಷ್ಟು ಸಲ ಹಾಕಬೇಕು?

ಮರಿಗೆ ದಿನಕ್ಕೊಮ್ಮೆ. ಬೆಳೆದದ್ದಕ್ಕೆ ಎರಡು ದಿನಕ್ಕೊಮ್ಮೆ. ಒಂದು ಸಲಕ್ಕೆ ಅದರ ತಲೆಯಷ್ಟು ಗಾತ್ರದ ಆಹಾರ ಸಾಕು. ಬೇಡಿದಾಗಲೆಲ್ಲ ಹಾಕಬೇಡಿ. ನಿಮ್ಮನ್ನು ಕಂಡರೆ ಈಜಿಕೊಂಡು ಬರುವುದು ಹಸಿವಿನಿಂದ ಅಲ್ಲ, ರೂಢಿಯಿಂದ. ಜಾಸ್ತಿ ತಿಂದ ಆಮೆಗೆ ಕೊಬ್ಬು ಕಟ್ಟುತ್ತದೆ, ಚಿಪ್ಪು ವಕ್ರವಾಗುತ್ತದೆ, ನೀರು ಕೊಳೆಯುತ್ತದೆ. ಬೆಳೆದಂತೆ ಸೊಪ್ಪು ಹೆಚ್ಚಿಸಿ. ಒಣಗಿದ ಸಿಗಡಿ ಒಂದನ್ನೇ ಹಾಕುವುದು ಬೇಡ.

ಊಟಕ್ಕಿಂತ ಮುಖ್ಯ, ನೀರಿನಿಂದ ಮೇಲೆ ಬಂದು ಒಣಗೋಕೆ ಒಂದು ಕಲ್ಲು, ಅದರ ಮೇಲೆ ಬಿಸಿಲು. ಗಾಜಿನ ಮೂಲಕ ಬಂದ ಬಿಸಿಲು ಸಾಲದು. ಕಿಟಕಿ ಗಾಜು ಬೇಕಾದ ಕಿರಣಗಳನ್ನು ತಡೆಯುತ್ತದೆ. ನೇರ ಬಿಸಿಲಿಲ್ಲದೆ ಸುಣ್ಣದ ಅಂಶ ಮೈಗೆ ಹಿಡಿಯುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಪಕ್ಕದಲ್ಲಿ ನೆರಳೂ ಇರಲಿ, ನಮ್ಮ ಬಿಸಿಲಿಗೆ ಸಣ್ಣ ತೊಟ್ಟಿಯ ನೀರು ಬೇಗ ಕಾಯುತ್ತದೆ. ಸಾಕೋಕೆ ಆಗುವುದಿಲ್ಲ ಅಂತ ಕೆರೆಗೋ ಕಾಲುವೆಗೋ ಮಾತ್ರ ಬಿಡಬೇಡಿ. ಇದು ಅಮೆರಿಕದ ಆಮೆ. ನಮ್ಮ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ.

ಎರಡು ತಲೆ ಹಾವು ಮಣ್ಣು ತಿನ್ನುತ್ತದಾ?

ಇಲ್ಲ. ಮಣ್ಣಿನಲ್ಲಿ ಅಡಗಿ ಇಲಿ ಹಿಡಿಯುತ್ತದೆ. ತಲೆಯೂ ಒಂದೇ, ಇನ್ನೊಂದು ಮೊಂಡು ಬಾಲ. ಅದೃಷ್ಟ ತರುತ್ತದೆ ಅಂತ ಗಡಿಗೆಯಲ್ಲಿ ಮುಚ್ಚಿಟ್ಟು ಮಣ್ಣು ಹಾಕುವವರಿದ್ದಾರೆ. ಅದು ತಿಂಗಳುಗಟ್ಟಲೆ ನವೆದು ಸಾಯುತ್ತದೆ. ಅದನ್ನು ಮಾರುವುದು, ಕೊಳ್ಳುವುದು ಎರಡೂ ಅಪರಾಧ.

ಈ ಉಪವಾಸದ ವಿದ್ಯೆಯಿಂದ ಮನುಷ್ಯರಿಗೆ ಏನಾದರೂ ಉಪಯೋಗ ಆಗಿದೆಯಾ?

ಆಗಿದೆ. ಅಮೆರಿಕದ ಮರುಭೂಮಿಯಲ್ಲಿ ಹೀಲಾ ಮಾನ್ಸ್ಟರ್ ಅನ್ನುವ ವಿಷದ ಹಲ್ಲಿ ಇದೆ. ವರ್ಷಕ್ಕೆ ಬೆರಳೆಣಿಕೆಯ ದೊಡ್ಡ ಊಟದಲ್ಲೇ ಬದುಕಬಲ್ಲದು. ಅದರ ವಿಷದಲ್ಲಿ ಜಾನ್ ಎಂಗ್ ಎಂಬ ವೈದ್ಯ ವಿಜ್ಞಾನಿ ಎಕ್ಸೆಂಡಿನ್-4 ಎಂಬ ಅಂಶ ಪತ್ತೆ ಮಾಡಿದರು. ಊಟದ ಮೇಲೆ ನಮ್ಮ ಕರುಳು ಬಿಡುವ ಒಂದು ಹಾರ್ಮೋನನ್ನು ಅದು ಹೋಲುತ್ತದೆ. ಅದರಿಂದ ಬಂದ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧಿಗೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು.

ಮಕ್ಕಳಿಗೆ ಇದನ್ನು ಹಾವಿನ ಹತ್ತಿರ ಹೋಗದೆ ತೋರಿಸುವುದು ಹೇಗೆ?

ಮನೆಯ ಟ್ಯೂಬ್‌ಲೈಟ್ ಸಾಕು. ರಾತ್ರಿ ಎಂಟರಿಂದ ಅರ್ಧ ಗಂಟೆ, ಅದರ ಸುತ್ತ ಎಷ್ಟು ಹಲ್ಲಿ ಬಂದವು, ಎಷ್ಟು ಹುಳ ಹಿಡಿದವು ಅಂತ ಮಕ್ಕಳು ಬರೆದಿಡಲಿ. ಪಕ್ಕದಲ್ಲಿ ಆ ರಾತ್ರಿಯ ತಾಪಮಾನವನ್ನೂ ಬರೆಯಲಿ, ಮೊಬೈಲ್‌ನಲ್ಲೇ ಸಿಗುತ್ತದೆ. ಜುಲೈನಲ್ಲಿ ಒಂದು ವಾರ, ಜನವರಿಯಲ್ಲಿ ಒಂದು ವಾರ, ಏಪ್ರಿಲ್‌ನಲ್ಲಿ ಒಂದು ವಾರ ಮಾಡಿಸಿ. ಲೈಟು ಅದೇ ಇರಲಿ, ಹೊತ್ತೂ ಅದೇ ಇರಲಿ. ಹುಳಗಳ ಸಂಖ್ಯೆಯನ್ನು ಬೇರೆ ಸಾಲಿನಲ್ಲಿ ಬರೆಸಿ. ಇಲ್ಲದಿದ್ದರೆ ಹಲ್ಲಿ ಕಡಿಮೆಯಾದದ್ದು ಚಳಿಯಿಂದಲೋ, ಹುಳ ಇಲ್ಲದ್ದರಿಂದಲೋ ಅಂತ ಬೇರ್ಪಡಿಸಿ ಹೇಳೋಕೆ ಆಗುವುದಿಲ್ಲ.